ಕಣ್ತುಂಬ

"ಕಣ್ಣಿಲ್ದ ದೇಹವ ನಾನು ಗುಣಿಗೆ ಇಳ್ಸಾಕಿಲ್ಲ ಕಣವ್ವ," ಎಂದು ಗುರುಸಿದ್ದಯ್ಯನವರು ಜಗಲಿಯ ಮೇಲೆ ಕೂತೇ ಹೇಳಿದರು. ಮಧುವನಹಳ್ಳಿಯ ಲಿಂಗವಂತರ ಮನೆಗಳಿಗೆ ಮದುವೆಗೂ ಸಾವಿಗೂ ಅವರೇ ಅಯ್ಯನವರು. ಒಳಗೆ ವೃಷಭೇಂದ್ರಪ್ಪನ ಮೈ ಇನ್ನೂ ಆರಿರಲಿಲ್ಲ. ಬೆಳಿಗ್ಗೆ ಹಾಲು ಕರೆಯಲು ಕೂತವನು ಎದೆ ಹಿಡಿದುಕೊಂಡು ಎಮ್ಮೆಯ ಕಾಲ ಬಳಿಯೇ ಒರಗಿದ್ದ. ಮೈಸೂರಿನ ಕಣ್ಣಿನ ಡಾಕ್ಟರಿಗೆ ಟ್ರಂಕ್ ಕಾಲ್ ಮಾಡಲು ಮಗ ಪುಟ್ಟಮಲ್ಲಪ್ಪ ಆಗಲೇ ಸೈಕಲ್ಲಿನಲ್ಲಿ ಕೊಳ್ಳೇಗಾಲಕ್ಕೆ ಹೋಗಿದ್ದ.

"ಅದು ಅವ್ರಾಡಿದ ಮಾತು ಅಯ್ನೋರೇ. ನಾ ಮೀರಾಕಾಯ್ತದಾ?" ಎಂದಳು ಹೆಂಡತಿ ಚನ್ನಾಜಮ್ಮ.

ಆ ಮಾತು ಊರಿಗೆಲ್ಲ ಗೊತ್ತಿತ್ತು. ಅಕ್ಕನ ಕಣ್ಣಿನ ಪೊರೆ ತೆಗೆಸಲು ಮೈಸೂರಿಗೆ ಹೋದಾಗ ವೃಷಭೇಂದ್ರಪ್ಪ ಪಕ್ಕದ ಮಂಚದಲ್ಲಿ ರಾಮಾಪುರದ ಹುಡುಗಿಯೊಬ್ಬಳನ್ನು ಕಂಡಿದ್ದ. ಸಿಡುಬು ಬಂದು ಅವಳ ಎರಡು ಕಣ್ಣೂ ಬೆಳ್ಳಗಾಗಿದ್ದವು. ಸತ್ತವರ ಕಣ್ಣು ಸಿಕ್ಕರೆ ಇಂಥವರಿಗೆ ನೋಟ ಬರಬಹುದು, ಆದರೆ ಕೊಡುವವರೇ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಊರಿಗೆ ಬಂದ ಮೇಲೆ ಊಟಕ್ಕೆ ಕೂತಾಗಲೆಲ್ಲ ಅವನದು ಅದೇ ಮಾತು. "ಮಣ್ಣು ತಿನ್ನೋದ ಮಕ್ಕಳಾದ್ರೂ ತಕ್ಕಳ್ಳಿ ಬುಡು," ಎನ್ನುತ್ತಿದ್ದ. ಪ್ರಾಣ ಹೋದ ಆರು ಗಂಟೆಯೊಳಗೆ ತೆಗೆಯಬೇಕಂತೆ ಎಂಬುದನ್ನು ಹೆಂಡತಿಗೆ ಬಾಯಿಪಾಠ ಮಾಡಿಸಿದ್ದ.

"ಗುಣೀಲಿ ಕೂರ್ಸಿ ಅಂಗೈ ಮೇಲೆ ಲಿಂಗ ಮಡಗ್ತೀವಲ್ಲ, ಯಾತಕ್ಕೆ? ನೋಡ್ಕಂಡಿರ್ಲಿ ಅಂತ. ಕುರುಡ್ನಂಗೆ ಕೂರ್ಸಿ ಮಣ್ಣೆಳೆದ್ರೆ ನಾಳಿಕೆ ನಿಂಗೆ ನಿದ್ದೆ ಬತ್ತದಾ?" ಎಂದರು ಅಯ್ಯನವರು.

"ಮಣ್ಣು ಮುಚ್ಚಿದ್ಮೇಲೆ ಕಣ್ಣಿದ್ದೋರ್ಗೆ ತಾನೇ ಅಲ್ಲೇನ್ ಕಂಡಾತು ಅಯ್ನೋರೇ?"

ಚನ್ನಾಜಮ್ಮ ಹಾಗೆ ಅಂದಳೇ ಹೊರತು, 'ಕುರುಡ್ನಂಗೆ' ಎಂಬ ಮಾತು ಅವಳನ್ನು ಬಿಡಲಿಲ್ಲ. ಮೂವತ್ತು ವರ್ಷ ದಿನಾ ಬೆಳಿಗ್ಗೆ ಅವನು ಅಂಗೈಯನ್ನು ಮುಖದೆದುರು ಹಿಡಿದು ಲಿಂಗ ನೋಡುತ್ತ ಕೂರುವುದನ್ನು ಅವಳು ಕಂಡವಳು. ಅಯ್ಯನವರೂ ಕಲ್ಲೆದೆಯವರಲ್ಲ, ಸತ್ತವನ ಜೊತೆ ಇದೇ ಜಗಲಿಯಲ್ಲಿ ಎಲೆಅಡಿಕೆ ಹಾಕಿದವರು. ಕೊನೆಗೆ ಅವರೇ ಒಂದು ದಾರಿ ಹುಡುಕಿದರು.

"ಅಂಗಾರೆ ಒಂದ್ ಕೆಲ್ಸ ಮಾಡವ್ವ. ಡಾಕ್ಟ್ರು ಬರೋಗಂಟ ನೋಡ್ಕಳ್ಳಿ. ಕಣ್ತುಂಬ ನೋಡ್ಕಂಡು ಆಮೇಲೆ ಕೊಡ್ಲಿ."

ಚನ್ನಾಜಮ್ಮನಿಗೆ ಹೋದ ಉಸಿರು ಬಂದಂತಾಯಿತು. ದೇಹಕ್ಕೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಬೆಳಕು ಚೆನ್ನಾಗಿ ಬೀಳಲೆಂದು ಜಗಲಿಗೆ ತಂದು ಗೋಡೆಗೆ ಒರಗಿಸಿ ಕೂರಿಸಿದರು. ಎಡಗೈಗೆ ಒತ್ತು ಕೊಟ್ಟು ಅಂಗೈ ಮೇಲೆ ಲಿಂಗ ಇಟ್ಟರು. ರೆಪ್ಪೆಗಳು ಮಾತ್ರ ನಿಲ್ಲದೆ ಇಳಿಯುತ್ತಿದ್ದವು. ಚನ್ನಾಜಮ್ಮ ಪಕ್ಕದಲ್ಲಿ ಕೂತು ಎರಡು ಬೆರಳಿನಿಂದ ಅವನ್ನು ಮೇಲೆತ್ತಿ ಹಿಡಿದಳು. ಒಂದು ಕೈ ಸೋತರೆ ಇನ್ನೊಂದು ಕೈ. ನೊಣ ಕೂರದಂತೆ ಸೆರಗಿನಿಂದ ಗಾಳಿ ಹಾಕಿದಳು. ಬಿಸಿಲು ಏರಿತು.

"ಬದುಕಿದ್ದಾಗ ಇಷ್ಟೊತ್ತು ಪೂಜೆಗೆ ಕೂತಿದ್ನಾ ನಮ್ಮಣ್ಣ?" ಎಂದಳು ನೆರೆಮನೆಯ ಪುಟ್ಟಗೌರಮ್ಮ, ಕಣ್ಣೊರೆಸಿಕೊಳ್ಳುತ್ತ.

"ಎಲ್ಲಿ ಕೂತಾರು? ಎಮ್ಮೆ ಅರಚಿದ್ರೆ ಸಾಕು, ಎದ್ದೋಯ್ತಿದ್ರು," ಎಂದಳು ಚನ್ನಾಜಮ್ಮ. ನಗು ಬಂದಂತಾಗಿ, ಅಳುವಾಯಿತು. ಬೆರಳು ಮಾತ್ರ ಸಡಿಲಿಸಲಿಲ್ಲ.

ಡಾಕ್ಟರ ಜೀಪು ಬಂದಾಗ ಆರು ಗಂಟೆ ಕಳೆದಿರಲಿಲ್ಲ. ದಾರಿ ತೋರಿಸಲು ಕೊಳ್ಳೇಗಾಲದಲ್ಲೇ ಕಾದಿದ್ದ ಪುಟ್ಟಮಲ್ಲಪ್ಪನೂ ಅದರಲ್ಲೇ ಬಂದ. ಡಾಕ್ಟರು ಕೈ ತೊಳೆದು, ಮಂಡಿಯೂರಿ, ಟಾರ್ಚು ಬಿಟ್ಟು ನೋಡಿದರು. ಒಂದು ಕಣ್ಣು ನೋಡಿ ಇನ್ನೊಂದನ್ನೂ ನೋಡಿದರು. ಟಾರ್ಚು ಆರಿಸಿದರು.

"ಕಣ್ಣು ಯಾವಾಗಿನಿಂದ ಹೀಗೆ ತೆರೆದಿದೆ ತಾಯಿ?"

"ಕೂರ್ಸಿದಾಗಿಂದ್ಲೂ ಸಾ. ಒಂದ್ ಗಳ್ಗೆನೂ ಮುಚ್ಚಾಕೆ ಬುಟ್ಟಿಲ್ಲ ನಾನು."

ಡಾಕ್ಟರು ಟಾರ್ಚನ್ನು ಚೀಲಕ್ಕೆ ಹಾಕಿದರು. "ಒಣಗಿಹೋಗಿದೆ. ಕರಿಗುಡ್ಡೆಯ ಮೇಲಿನ ತಿಳಿ ಪೊರೆಯೇ ನಮಗೆ ಬೇಕಾದದ್ದು. ಬಿಸಿಲಿಗೆ, ಗಾಳಿಗೆ ಅದು ಮಂಜಾಗಿಬಿಟ್ಟಿದೆ. ರೆಪ್ಪೆ ಮುಚ್ಚಿ ಮೇಲೆ ಒದ್ದೆ ಬಟ್ಟೆ ಹಾಕಬೇಕಿತ್ತು." ಅವರು ನೆಲ ನೋಡುತ್ತ ಮುಂದುವರಿಸಿದರು, "ಫೋನಿನಲ್ಲಿ ನಾನು ಹೇಳಬೇಕಾಗಿತ್ತು. ಸತ್ತವರ ಕಣ್ಣು ಯಾರಾದರೂ ಮುಚ್ಚಿಯೇ ಇರುತ್ತಾರೆ ಅಂದುಕೊಂಡೆ."

"ಅಲ್ಲಿ ಯಾರಾದ್ರೂ ಕಾಯ್ತಾವ್ರಾ ಸಾ?"

"ಒಬ್ಬ ಹುಡುಗಿಗೆ ಬೆಳಿಗ್ಗೆಯಿಂದ ಊಟ ಕೊಡದೆ ಆಪರೇಷನ್ನಿಗೆ ಮಲಗಿಸಿ ಬಂದಿದ್ದೆವು," ಎಂದರು ಡಾಕ್ಟರು. "ಹೋಗಿ ಊಟ ಕೊಡಿಸುತ್ತೇನೆ."

ಜೀಪು ಹೋಯಿತು. ಅಯ್ಯನವರು ಕಂಬದ ಕಡೆಗೆ ಮುಖ ತಿರುಗಿಸಿ ನಿಂತಿದ್ದರು. ಚನ್ನಾಜಮ್ಮ ಗಂಡನ ಎದುರು ಕೂತು, ಎರಡು ರೆಪ್ಪೆಗಳನ್ನೂ ಮೆಲ್ಲಗೆ ಕೆಳಕ್ಕೆ ಎಳೆದಳು. ಅವು ಸೆಟೆದುಕೊಂಡಿದ್ದವು. ಮತ್ತೊಮ್ಮೆ ಎಳೆದಳು. ಬರಲಿಲ್ಲ.

"ಬುಡವ್ವ," ಎಂದ ಪುಟ್ಟಮಲ್ಲಪ್ಪ, ಅವಳ ಹೆಗಲು ಮುಟ್ಟಿ.

"ನಂದೂ ಕೊಡ್ಬೇಕು ಕಣ್ಲಾ," ಎಂದಳು ಅವಳು, ಕೈ ತೆಗೆಯದೆ. "ಉಸ್ರು ನಿಂತೇಟ್ಗೆ ಮುಚ್ಚುಬುಡು. ಲಿಂಗವ ನಾನು ಇರೋಗಂಟ ನೋಡ್ಕಂಡಿರ್ತೀನಿ."