ಹಗಲಿನ ಕತೆ

ಒಣ ಶೇಂಗಾ ಸುಲಿಯುವಾಗ ಏಳುವ ಮಣ್ಣಿನ ಧೂಳು ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಬಾಯಿಂದ ತಾನಾಗಿ ‘ಹೂಂ’ ಬರುತ್ತದೆ.

ಕೊಣ್ಣೂರಿನ ಮನೆಯಲ್ಲಿ ನಾನು ಮತ್ತು ಆಯಿ, ಅಂದರೆ ಅಪ್ಪನ ತಾಯಿ, ಇಬ್ಬರೇ ಇದ್ದೆವು. ಅಪ್ಪ ಮುಂಬೈಯ ಗಿರಣಿಯಲ್ಲಿದ್ದ. ಹಗಲು ಹೊತ್ತು ಕತೆ ಹೇಳೆಂದು ಕಾಡಿದರೆ ಆಯಿ ಬೈಯುತ್ತಿದ್ದಳು. “ಹಗಲಿ ಕತಿ ಹೇಳಿದ್ರ ದಾರ್‍ಯಾಗ ಇದ್ದವ್ರು ದಾರಿ ತಪ್ಪತಾರ. ನಿಮ್ಮಪ್ಪ ಹಬ್ಬಕ್ಕ ಬರಾಂವ ಅದಾನ. ಸುಮ್ನ ಶೇಂಗಾ ಸುಲಿ.”

ಹಬ್ಬದ ಹಿಂದಿನ ಮಧ್ಯಾಹ್ನ ಪಕ್ಕದ ಮನೆಯ ಕಾಕಾ ಬಾಗಿಲಲ್ಲೇ ನಿಂತು ಆಯಿಗೆ ಮುಂಬೈಯಿಂದ ಬಂದ ತಂತಿಯನ್ನು ಓದಿ ಹೇಳಿದ. ನನಗೆ ಕೇಳಿಸಲಿಲ್ಲ. ತಲೆಯಿಂದ ತೆಗೆದ ರುಮಾಲನ್ನು ಕೈಯಲ್ಲಿ ಹಿಡಿದುಕೊಂಡೇ ಕಾಕಾ ಹೊರಟುಹೋದ.

ಆಯಿ ಬಂದು ಮೊರದ ಮುಂದೆ ಕುಳಿತಳು. ಬಹಳ ಹೊತ್ತು ಬರೀ ಸಿಪ್ಪೆಗಳನ್ನೇ ಮುರಿಯುತ್ತಿದ್ದಳು. ಆಮೇಲೆ, ನಾನು ಕೇಳದೆಯೇ, “ಒಂದೂರಾಗ ಒಬ್ಬ ರಾಜಾ ಇದ್ದ” ಎಂದಳು.

ಅಂಗಳದಲ್ಲಿ ಬಿಸಿಲು ಕಣ್ಣು ಕುಕ್ಕುತ್ತಿತ್ತು. ನಾನು ಹೆದರಿ, ಧೂಳಿನ ಕೈಯಿಂದಲೇ ಅವಳ ಬಾಯಿ ಮುಚ್ಚಿದೆ.

“ಬ್ಯಾಡ ಆಯಿ, ಅಪ್ಪ ದಾರಿ ತಪ್ಪತಾನ!”

ಅವಳು ನನ್ನ ಕೈಯನ್ನು ಮೆಲ್ಲಗೆ ಸರಿಸಿ ತನ್ನ ಮಡಿಲಲ್ಲಿ ಹಿಡಿದುಕೊಂಡಳು.

“ಹೂಂ ಅನ್ನು, ಮಗಳ” ಎಂದಳು.