ಸಿದ್ದಲಿಂಗವ್ವನಿಗೆ ಅಳುವವರು

ಶ್ವೇತಾ ಹೊಸ್ತಿಲು ದಾಟಿದ ಕೂಡಲೇ ಒಳಗಿನ ಅಳು ನಿಂತಿತು. ಕಾರಿನಿಂದ ಇಳಿಯುವಾಗ ಅವಳೇ ಕೇಳಿಸಿಕೊಂಡಿದ್ದಳು, ಹತ್ತಾರು ಹೆಂಗಸರ ದನಿ, ನಡುವೆ ಚಿಗವ್ವ ಕಲ್ಲವ್ವನ ಗಡಸು ಗಂಟಲು. ಈಗ ನೋಡಿದರೆ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದ ಅವ್ವ ಸಿದ್ದಲಿಂಗವ್ವನ ಹೆಣ, ಹಣೆ ತುಂಬ ವಿಭೂತಿ, ಸುತ್ತ ಬಾಯಿಗೆ ಸೆರಗು ಒತ್ತಿಕೊಂಡ ಹೆಂಗಸರು. ಊದುಬತ್ತಿಯ ಹೊಗೆಯೊಂದೇ ಅಲ್ಲಾಡುತ್ತಿತ್ತು.

ಸವಡಿ ಊರಿನಲ್ಲಿ ಸತ್ತವರನ್ನು ಸುಮ್ಮನೆ ಕಳಿಸುವುದಿಲ್ಲ. ಹೆಂಗಸರು ಹಾಡ್ಯಾಡಿ ಅಳುತ್ತಾರೆ. ಸತ್ತವಳು ಯಾವ ಹೊಲದಲ್ಲಿ ಕಳೆ ತೆಗೆದಳು, ಯಾರಿಗೆ ಬಾಣಂತನ ಮಾಡಿದಳು, ಯಾರ ಮಾತಿಗೆ ಎದೆ ಒಡೆದುಕೊಂಡಳು, ಎಲ್ಲವೂ ರಾಗದಲ್ಲಿ ಬರಬೇಕು. ಬದುಕಿದ್ದಾಗ ಆಡಲಾಗದ ಮಾತೂ ಹೆಣದ ಮುಂದೆ ನಡೆಯುತ್ತದೆ. ಸಿದ್ದಲಿಂಗವ್ವ ಅರ್ಧ ಊರಿಗೆ ಹಾಗೆ ಅತ್ತವಳು.

"ಯಾಕ ಸುಮ್ಮನಾದ್ರಿ? ಅಳ್ರಿ" ಎಂದಳು ಶ್ವೇತಾ. ಆಮೇಲೆ ಕಲ್ಲವ್ವನ ಕಡೆ ತಿರುಗಿದಳು.

"ಚಿಗವ್ವಾ, ಒಯ್ಯೂ ಹೊತ್ತಾತು. ನಮ್ಮವ್ವ ಹಿಂಗ ದಿಕ್ಕಿಲ್ಲದಾಕಿ ಹಂಗ ಹೋಗಬೇಕೇನು?"

"ನೀ ಚೂರು ಹೊರಗ ಹೋಗಿ ಕುಂದ್ರವಾ. ನಾವು ಅಳತೀವಿ."

"ನಮ್ಮವ್ವಗ ಅಳಾಕ ನಾನ ಹೊರಗ ಹೋಗಬೇಕಾ? ಫೋನ್ ಕಾರಿನಾಗ ಇಟ್ಟು ಬಂದೀನಿ. ಬೇಕಾದ್ರ ನೋಡ್ರಿ." ಖಾಲಿ ಕೈ ಎರಡನ್ನೂ ತೋರಿಸಿದಳು.

ಪಕ್ಕದ ಮನೆಯ ಕಾಶೀಂಬಿ ಆ ಕೈಗಳನ್ನು ನೋಡಲಿಲ್ಲ. "ಆವತ್ತರ ನಿನ್ನ ಕೈಯಾಗ ಫೋನ್ ಎಲ್ಲಿತ್ತು ಯವ್ವಾ? ಕಣ್ಣಿಲೇ ಒಯ್ದಿದ್ದಿ. ಕಣ್ಣೂ ಕಾರಿನಾಗ ಇಟ್ಟು ಬಂದೀಯೇನು?"

ಆವತ್ತು ಎಂದರೆ ಕಲ್ಲವ್ವನ ಗಂಡ ಅಂದಾನಪ್ಪ ಮೆಣಸಗಿಯಲ್ಲಿ ತೀರಿಕೊಂಡ ದಿನ. ಆಗಿನ್ನೂ ಶ್ವೇತಾ ಯೂಟ್ಯೂಬಿನ ನಗೆ ತುಣುಕುಗಳಲ್ಲಿ ಉತ್ತರ ಕರ್ನಾಟಕದ ಕೆಲಸದಾಕೆಯಾಗಿ ಪಾತ್ರೆ ಬೀಳಿಸುತ್ತಿದ್ದಳು. ಆಮೇಲೆ ತಾನೇ ಬರೆದು, ತಾನೇ ನಿರ್ದೇಶಿಸಿದ ವೆಬ್ ಸರಣಿಯಲ್ಲಿ ಗಂಡನ ಹೆಣದ ಮುಂದೆ ಕುಳಿತು ಅತ್ತಳು. ಕಲ್ಲವ್ವನ ಮಾತು, ಕಲ್ಲವ್ವನ ರಾಗ, ಕಲ್ಲವ್ವ ಎದೆ ಬಡಿದುಕೊಂಡ ಪರಿ. ಪ್ರಶಸ್ತಿ ಕೊಟ್ಟವರು ಅದನ್ನು ಸ್ವಂತಿಕೆ ಎಂದು ಹೊಗಳಿದರು. ಅಲ್ಲಿಂದ ಆ ದನಿ ರೀಲ್ಸ್‌ಗೆ ಇಳಿಯಿತು. ವಿಕೆಟ್ ಬಿದ್ದರೆ ಆ ಅಳು, ಗ್ಯಾಸ್ ಸಿಲಿಂಡರ್ ಮುಗಿದರೆ ಆ ಅಳು. ರೋಣದ ಸ್ಟ್ಯಾಂಡಿನಲ್ಲಿ ನರಗುಂದದ ಬಸ್ಸು ತಪ್ಪಿಸಿಕೊಂಡವನ ಬೆನ್ನ ಹಿಂದೆಯೂ ಅದೇ.

"ನಾ ಕೇಳಬೇಕಿತ್ತು ಚಿಗವ್ವಾ, ತಪ್ಪಾತು. ಸಿಟ್ಟು ನನ್ನ ಮ್ಯಾಲ ಇರಲಿ. ಅವ್ವ ಏನ್ ಮಾಡ್ಯಾಳ?"

"ಸಿಟ್ಟೆಲ್ಲಿದು" ಎಂದಳು ಕಲ್ಲವ್ವ. ಅಕ್ಕನ ತೊಡೆಯ ಮೇಲೆ ಜಾರಿದ್ದ ಹೂವಿನ ಸರ ಸರಿಮಾಡಿದಳು. "ಮೊನ್ನೆ ಹೊಳೆಆಲೂರಿಗೆ ಮಣ್ಣಿಗೆ ಹೋಗಿದ್ದೆ. ಸತ್ತಾಕಿ ನನ್ನ ನೆಗೆಣ್ಣಿ, ಇಬ್ಬರೂ ಒಂದ ಒಲಿ ಮುಂದ ಕುಂತು ರೊಟ್ಟಿ ಬಡದೇವಿ. ತಡೀಲಾರದ ಅತ್ತೆ. ಹಿಂದ ಇಬ್ಬರು ಹುಡುಗ್ಯಾರು ಕಿಸಕ್ಕಂತ ನಕ್ಕರು. ಒಬ್ಬಾಕಿ ಅಂದ್ಳು, ಮುದಿಕಿ ಚಲೋ ಮಾಡತೈತಿ, ಆದ್ರ ಶ್ವೇತಾ ಮೇಡಂನಷ್ಟ ಬರಂಗಿಲ್ಲ ಅಂತ."

ಕಾಶೀಂಬಿ ಕೆಮ್ಮಿದಳು. ಅದು ಕೆಮ್ಮಲ್ಲದಿದ್ದರೂ ಇರಬಹುದು.

"ನೀ ಮುಂದ ಕುಂತ್ರ ನಮ್ಮ ಬಾಯಿ ನಮಗ ನಾಟಕ ಅನಸ್ತೈತಿ" ಎಂದಳು ಕಲ್ಲವ್ವ. "ನೀನ ಅಳು. ಹೆತ್ತ ಮಗಳು."

ಹೊರಗೆ ಹೆಣ ಕೂರಿಸುವ ವಿಮಾನಕ್ಕೆ ಬಾಳೆಕಂಬ ಕಟ್ಟಿ ಮುಗಿದಿತ್ತು. ಭಜನೆಯವರ ತಾಳ ಜೋರಾಯಿತು. ಅಯ್ಯನವರು "ಲಗೂ ಮಾಡ್ರಿ, ಹೊತ್ತು ಮುಳಗತೈತಿ" ಎಂದು ಕೂಗಿದರು. ಹೊರುವವರು ಬಾಗಿಲಿಗೆ ಬಂದರು.

ಶ್ವೇತಾ ಅವ್ವನ ಎದುರು ಕುಳಿತು ರಾಗ ಎತ್ತಿದಳು. "ಅವ್ವಾ" ಎಂಬಲ್ಲಿಗೇ ಅದು ನಿಂತಿತು. ಮುಂದಕ್ಕೆ ಅವ್ವನ ಸುದ್ದಿ ಬೇಕು. ಅವ್ವ ಈ ಸಲ ಏನು ಬಿತ್ತಿಸಿದ್ದಳು, ಯಾವ ಕಾಲು ನೋಯುತ್ತಿತ್ತು, ಕಡೆಗೆ ಏನು ಉಣ್ಣಲು ಕೇಳಿದಳು, ಒಂದೂ ಗೊತ್ತಿರಲಿಲ್ಲ. ಬಾಯಿಪಾಠ ಬರುತ್ತಿದ್ದದ್ದು ಚಿಗವ್ವನ ಸಾಲುಗಳು. ಅವು ನಾಲಗೆಯ ತುದಿಯವರೆಗೆ ಬಂದವು. ಹಲ್ಲು ಕಚ್ಚಿ ನುಂಗಿದಳು. ಆಮೇಲೆ ಹೊರಟದ್ದಕ್ಕೆ ಮಾತೂ ಇಲ್ಲ, ರಾಗವೂ ಇಲ್ಲ. ತಾಯಿ ಬಿಟ್ಟ ಕರುವಿನ ಹಾಗೆ ಒದರಿದಳು. ಮೂಗು ಸೋರಿತು, ಕೂದಲು ಬಾಯಿಗೆ ಬಂತು, ಅವ್ವನ ತಣ್ಣನೆಯ ಮೊಣಕಾಲಿಗೆ ಹಣೆ ಬಡಿದುಕೊಂಡಳು. ಅಷ್ಟು ಕೆಟ್ಟದಾಗಿ ಅವಳು ಯಾವ ಕಂತಿನಲ್ಲೂ ಅತ್ತಿರಲಿಲ್ಲ.

ಹೆಂಗಸರು ನೋಡುತ್ತ ಕುಳಿತರು. ಹೊರುವವರಲ್ಲಿ ಮುಂದೆ ನಿಂತಿದ್ದವನು ಕಳಕೇಶ, ಗಜೇಂದ್ರಗಡದ ಗುಡ್ಡದಲ್ಲಿ ಅವಳ ಚಿತ್ರೀಕರಣ ನಡೆದಾಗ ಜನರನ್ನು ತಡೆಯುವ ಕೆಲಸ ಮಾಡಿದವನು. ಅವನು ಎರಡೂ ತೋಳು ಚಾಚಿ ಬಾಗಿಲಿಗೆ ಅಡ್ಡ ನಿಂತ. "ಯಾರೂ ಒಳಗ ಹೋಗಬ್ಯಾಡ್ರಿ" ಎಂದು ಹಿಂದಿನವರಿಗೆ ಪಿಸುಗುಟ್ಟಿದ. ಭಜನೆಯವರಿಗೆ ಕೈಸನ್ನೆ ಮಾಡಿದ. ತಾಳ ನಿಂತಿತು.

ಬಹಳ ಹೊತ್ತಿನ ಮೇಲೆ ಅವಳ ದನಿ ಉಡುಗಿತು. ಬಿಕ್ಕುವುದೂ ನಿಲ್ಲಲಿ ಎಂದು ಕಳಕೇಶ ಕಾದ. ಆಮೇಲೆ ಒಂದು ಹೆಜ್ಜೆ ಒಳಗಿಟ್ಟು, ತುಂಬ ಮರ್ಯಾದೆಯಿಂದ ಕೇಳಿದ:

"ಮುಗೀತೇನ್ರಿ ಮೇಡಂ? ಎತ್ತೂಣೇನ್ರಿ? ಇನ್ನೊಮ್ಮೆ ಬೇಕಂದ್ರ ನಿಂದರತೀವ್ರಿ."