ಮೊದಲ ಬಿತ್ತನೆ

ಮೆಕ್ಕೆಜೋಳದ ಉಗಾಲಿ ಮುದ್ದೆಯ ಪಾತ್ರೆ ತಿಕ್ಕುತ್ತಿದ್ದ ಅಮೊಂಡಿ ಬೂದಿಗೈಯಲ್ಲೇ ಎದ್ದಳು. ಹಿರಿಯ ಸವತಿ ರಿಸ್ಪಾ ಮರಿಮೀನಿನ ಬಕೆಟ್ಟು ಹಿಡಿದು ಅಮೊಂಡಿಯ ಹೊಸ ಕೊಳದ ದಡಕ್ಕೆ ಬಂದಾಗಿತ್ತು. ಹೊಲವಾಗಲಿ, ಕೊಳವಾಗಲಿ, ಮೊದಲ ಬಿತ್ತನೆ ಹಿರಿಯ ಹೆಂಡತಿಯ ಕೈಯಿಂದಲೇ ಆಗಬೇಕೆಂಬುದು ಊರ ರೂಢಿ.

"ನಿನ್ನ ಮೀನು ನನಗಿಂತ ದಪ್ಪ ಆಗ್ಲಿ ಕಣೇ ತಂಗಿ," ಎಂದು ರಿಸ್ಪಾ ಹರಸಿದಳು.

"ಅಷ್ಟು ದಪ್ಪ ಆದ್ರೆ ಕೊಳ ಸಾಲಲ್ಲ ಅಕ್ಕಾ!"

ನಗುತ್ತಲೇ ಅಮೊಂಡಿ ಬಕೆಟ್ಟಿನೊಳಗೆ ಇಣುಕಿದಳು. ಒಂದು ಮರಿಯ ಪಕ್ಕೆಯಿಂದ ಬಿಳಿ ದಾರದಂಥ ಹುಳು ಜೋತಾಡುತ್ತಿತ್ತು. ದೂರದಿಂದ ಲಾರಿಯಲ್ಲಿ ಬಂದ ಮರಿಗಳ ಜೊತೆ ಊರು ಹೊಕ್ಕ ಹುಳು. ಕೆಳಮನೆಯವರ ಕೊಳ ಬರಿದು ಮಾಡಿದ್ದು ಇದೇ. ಆದರೆ ಹಿರಿಯಳ ಬಿತ್ತನೆಯಲ್ಲಿ ಕಿರಿಯಳು ತಪ್ಪು ಹುಡುಕುವುದುಂಟೇ? ರಿಸ್ಪಾಳ ಕೈಯಲ್ಲಿ ಬಕೆಟ್ಟು ಕೊಳದತ್ತ ವಾಲಿತು. ಅಮೊಂಡಿಯ ಬೂದಿಗೈ ತಾನಾಗಿ ಹೋಗಿ ಅದರ ಅಂಚನ್ನು ತಡೆದು ಹಿಡಿಯಿತು.

ಅಮೊಂಡಿಯ ಮಗಳು ಅಗುಟು ಪಕ್ಕದಲ್ಲೇ ನಿಂತು ಆಗಿನಿಂದ ಬಕೆಟ್ಟನ್ನೂ ಅಮ್ಮನ ಮುಖವನ್ನೂ ನೋಡುತ್ತ ತುಟಿ ಕಚ್ಚಿಕೊಂಡಿದ್ದಳು. ರಿಸ್ಪಾ ಬಕೆಟ್ಟು ಕೆಳಗಿಟ್ಟು ಅವಳ ಗಲ್ಲ ಹಿಡಿದಳು. "ನೀನ್ಯಾಕೇ ಬಾಯಿಗೆ ಬೀಗ ಹಾಕ್ಕೊಂಡಿದೀಯಾ, ವಟವಟ ಕಪ್ಪೆ?"

"ದೊಡ್ಡಮ್ಮಾ, ಹಸೂಗೆ ಉಣ್ಣೆ ಹತ್ತಿದ್ರೆ ನೀನು ಕಿತ್ತುಹಾಕಿ ಆಮೇಲೆ ತಾನೆ ಕೊಟ್ಟಿಗೆಗೆ ಬಿಡೋದು? ಈ ಮೀನಿಗೆ ಹತ್ತಿರೋದನ್ನ ಯಾಕೆ ಕಿತ್ತಿಲ್ಲ?"